ಬಲಗಡೆಯ ಬಣ್ಣ

ಹಳೇ ಕಾರು ನೋಡಲು ಬರುವ ಗಂಡಸರ ಗತ್ತೇ ಬೇರೆ. ಹೆಣ್ಣು ನೋಡಲು ಬಂದವರಿಗಾದರೂ ತಿಂದ ಉಪ್ಪಿಟ್ಟು ಕೇಸರಿಬಾತಿನ ಮುಲಾಜು ಸ್ವಲ್ಪ ಇರುತ್ತದೆ, ಇವರಿಗೆ ಅದೂ ಇಲ್ಲ. ಗೇಟು ದಾಟಿ ಬಂದವರೇ ಟೈರಿಗೊಂದು ಒದೆ ಕೊಡುತ್ತಾರೆ. ಬಾನೆಟ್ ಎತ್ತಿಸಿ, ಏನೂ ಅರ್ಥವಾಗದಿದ್ದರೂ ಹುಬ್ಬು ಗಂಟಿಕ್ಕಿ ಲೊಚಗುಟ್ಟುತ್ತಾರೆ. ಈ ಬೇಸಿಗೆಯಲ್ಲಿ ಕುಂದಲಹಳ್ಳಿಯ ನಮ್ಮ ಮನೆಗೆ ಅಂಥವರು ವಾರವಾರವೂ ಬಂದರು. ನನ್ನ ಅಣ್ಣ ಹರ್ಷವರ್ಧನನ ಕಾರು ಮಾರಬೇಕಿತ್ತು. ಅಣ್ಣ ತೀರಿಕೊಂಡು ಎರಡು ತಿಂಗಳಾಗಿತ್ತು.

ಅವನು ಸತ್ತಿದ್ದು ಶಟಲ್ ಕೋರ್ಟಿನಲ್ಲಿ. ಆಟದ ಮಧ್ಯೆ "ಒಂದ್ನಿಮಿಷ ಇರ್ರೋ" ಅಂತ ಗೋಡೆಗೆ ಒರಗಿ ಕೂತವನು ಮತ್ತೆ ಏಳಲಿಲ್ಲ. ಮೂವತ್ತೊಂದು ವರ್ಷ, ಸಿಗರೇಟಿಲ್ಲ, ಕುಡಿತವಿಲ್ಲ. ಜೊತೆಗೆ ಆಡುತ್ತಿದ್ದವರು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಒಯ್ದರು. ಹೃದಯಾಘಾತ, ದಾರಿಯಲ್ಲೇ ಹೋಗಿದ್ದಾರೆ ಅಂದರು ಡಾಕ್ಟರು. ಅಣ್ಣನ ಕಾರು ಕೋರ್ಟಿನ ಪಾರ್ಕಿಂಗಿನಲ್ಲೇ ನಿಂತಿತ್ತು. ಅದನ್ನು ಮನೆಗೆ ತರಬೇಕು ಅನ್ನುವುದು ತಿಥಿ ಮುಗಿಯುವವರೆಗೆ ನಮಗ್ಯಾರಿಗೂ ಹೊಳೆಯಲಿಲ್ಲ.

ನಮ್ಮ ಬೀದಿಗೆ ಅಷ್ಟು ಸಾಕಾಯಿತು. ಹುಡುಗ ಹೋದ, ಕಾರೂ ಕಾಣುತ್ತಿಲ್ಲ, ಇನ್ನೇನು ಬೇಕು? ಅದರಲ್ಲೂ ಅದು ಕೆಂಪು ಕಾರು. ನೋಡಲು ನಾಲ್ಕು ಬಾಗಿಲಿನ ಸಂಸಾರಸ್ಥರ ಕಾರಿನ ಹಾಗೇ ಇದ್ದರೂ ಒಳಗಿರುವುದು ಎರಡು ಲೀಟರಿನ ಟರ್ಬೊ ಇಂಜಿನ್. ಆಕ್ಸಿಲರೇಟರ್ ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ಅದು ಗಲ್ಲಿಗೆ ತಿರುಗಿದರೆ ನಾಲ್ಕು ಮನೆಯವರಿಗೆ ಹರ್ಷ ಬಂದ ಅಂತ ಗೊತ್ತಾಗುತ್ತಿತ್ತು. ಆ ನಾಲ್ಕು ಮನೆಯವರೂ ಸೇರಿ ನನ್ನಣ್ಣ ಸ್ಪೀಡಿಗೆ ಸತ್ತ ಅಂತ ತೀರ್ಪು ಕೊಟ್ಟರು. ನಮ್ಮ ಬಾಡಿಗೆ ರೂಮಿನ ದೇವಕ್ಕ, ರಾಯಚೂರು ಕಡೆಯವಳು, ನಿಜಕ್ಕೂ ಒಳ್ಳೆಯ ಹೆಂಗಸು, ಅವಳೂ ನನ್ನ ಕೈ ಹಿಡಿದು "ಭಾಳ ಜೋರ್ ಓಡಸ್ತಿದ್ರಂತಲ್ರೀ ಅಣ್ಣಾರು" ಅಂತ ಕಣ್ಣೊರೆಸಿಕೊಂಡಳು. ಇಲ್ಲ ದೇವಕ್ಕ, ಹಾರ್ಟ್ ಅಟ್ಯಾಕ್ ಅಂದೆ. ಹೌದ್ರೀ ಹೌದ್ರೀ ಅಂದಳು. ನಂಬಿಲ್ಲ ಅನ್ನುವುದು ಗೊತ್ತಾಯಿತು.

ಅಪ್ಪ ಆಂಜಿನಪ್ಪನಿಗೆ ಇದು ಎದೆಗೆ ನಾಟಿತು. ಹನ್ನೊಂದನೇ ದಿನದ ನಂತರ ನಾನೇ ಹೋಗಿ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದೆ, ಎಲ್ಲೂ ತಾಗದ ಕಾರು, ಎಲ್ಲರೂ ನೋಡಲಿ ಅಂತ. ರಿಪೇರಿ ಮಾಡಿಸಿಕೊಂಡು ತಂದರು ಅಂತಾಯಿತು. ಆಗ ಅಪ್ಪ ಒಂದು ನಿರ್ಧಾರಕ್ಕೆ ಬಂದ.

"ಮಾರಾನ ಕಣಮ್ಮಿ. ಆದ್ರೆ ಗಾಡಿ ಗೊತ್ತಿರೋನಿಗೇ ಮಾರ್ಬೇಕು. ಅವ್ನು ಮೂಲೆ ಮೂಲೆ ನೋಡಿ, ಇದು ಎಲ್ಲೂ ಗುದ್ದಿಲ್ಲ ಅಂತ ನಾಕು ಜನದ ಮುಂದೆ ಅನ್ಬೇಕು. ಆಮ್ಯಾಕೆ ಈ ಬೀದಿ ಬಾಯಿ ಮುಚ್ಕತದೆ."

ಅಪ್ಪನಿಗೆ ಬೇಕಿದ್ದದ್ದು ಅಷ್ಟೇ. ಎಷ್ಟಕ್ಕೆ ಹೋಗುತ್ತದೆ ಅಂತ ಒಂದು ಸಲವೂ ಕೇಳಲಿಲ್ಲ. ನನ್ನ ಮಗ ಕುಡಿದು ಗಾಡಿ ಓಡಿಸಿ ಸತ್ತವನಲ್ಲ, ಮೈಮೇಲೆ ಎಚ್ಚರವಿಲ್ಲದ ಪೋಕರಿಯಲ್ಲ ಅಂತ ಹೊರಗಿನವನೊಬ್ಬನ ಬಾಯಿಂದ ಬರಬೇಕಿತ್ತು. ನನಗೂ ಅದು ಸರಿ ಅನ್ನಿಸಿತು. ಆ ಕಾರು ಯಾವ ಪರೀಕ್ಷೆಗೂ ಹೆದರಬೇಕಾಗಿರಲಿಲ್ಲ.

ಯಾಕೆಂದರೆ ಅಣ್ಣ ಕೊಂಡಾಗಲೂ ಅದು ಸೆಕೆಂಡ್ ಹ್ಯಾಂಡೇ. ಆಗ ರಜೆಯ ದಿನಗಳಲ್ಲೆಲ್ಲ ನನ್ನನ್ನೂ ಎಳೆದುಕೊಂಡು ಎಲೆಕ್ಟ್ರಾನಿಕ್ ಸಿಟಿಯಿಂದ ಪೀಣ್ಯದವರೆಗೆ ಇಂಥ ಕಾರುಗಳನ್ನು ನೋಡುತ್ತಾ ಅಲೆದಿದ್ದ. ಈ ಜಾತಿಯ ಕಾರನ್ನು ಹುಡುಗರು ಹಿಂಡಿ ಹಿಪ್ಪೆ ಮಾಡಿಯೇ ಮಾರುವುದು ಅನ್ನುತ್ತಿದ್ದ. ಹೋಗುವ ಮುಂಚೆ ಫೋನ್ ಮಾಡಿ ಸ್ಟಾರ್ಟ್ ಮಾಡಿಡಬೇಡಿ ಅನ್ನಬೇಕು, ಹೋದ ಮೇಲೂ ಬಾನೆಟ್ ಮುಟ್ಟಿ ತಣ್ಣಗಿದೆಯಾ ನೋಡಬೇಕು. ಬೆಚ್ಚಗಿರುವ ಇಂಜಿನ್ ತನ್ನ ಕಾಯಿಲೆ ಮುಚ್ಚಿಡುತ್ತದಂತೆ. ನೀಲಿ ಹೊಗೆ ಬಂದರೆ ಟರ್ಬೊ ಆಯಿಲ್ ಕುಡಿಯುತ್ತಿದೆ. ಟ್ರಾಫಿಕ್ಕಿನಲ್ಲಿ ಆಮೆ ಥರ ಹೋಗುವಾಗ ಗೇರು ಜರ್ಕ್ ಹೊಡೆದರೆ ಕೈಮುಗಿದು ಇಳಿದುಬಿಡಬೇಕು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಬುಡದ ಚೀಟಿಯಲ್ಲಿ ತಾರೀಕು ನೋಡಬೇಕು, ಬೆಲ್ಟು ಕಾರಿಗಿಂತ ಹೊಸದಾದರೆ ಎಲ್ಲೋ ಗುದ್ದಿದೆ ಅಂತಲೇ ಲೆಕ್ಕ. ಬಾಗಿಲಿನ ರಬ್ಬರ್ ಸರಿಸಿ ಒಳಗಿನ ವೆಲ್ಡಿಂಗ್ ನೋಡಬೇಕು. ಬಾಗಿಲು ಹಿಡಿದಿರುವ ಬೋಲ್ಟುಗಳ ಬಣ್ಣ ಸ್ಪ್ಯಾನರ್ ತಾಗಿ ಎದ್ದಿದೆಯಾ ನೋಡಬೇಕು. ಲ್ಯಾಪ್‌ಟಾಪ್ ಹಚ್ಚಿ ಯಾರಾದರೂ ಪವರ್ ಏರಿಸಿದ್ದಾರಾ ಅಂತಲೂ ನೋಡಬೇಕು. ಎಷ್ಟೋ ಜನರ ಮನೆಯಲ್ಲಿ ಕಾಫಿ ಕುಡಿದು, ಅವರ ಕಾರು ಬೇಡ ಅಂದು, ಬೈಸಿಕೊಂಡು ಬಂದಿದ್ದೇವೆ. ಕೊನೆಗೆ ಸಿಕ್ಕಿದ್ದು ಈ ಕೆಂಪು ಕಾರು. ಇದರ ಬಲಗಡೆ ಬಾಗಿಲುಗಳ ಮೇಲೆ ನಮ್ಮ ಬಾಡಿಗೆ ರೂಮಿನ ಹುಡುಗರ ಬೈಕಿನ ಹ್ಯಾಂಡಲ್ ತಾಗಿ ಗೀರುಗಳಾದಾಗಲೂ ಅಣ್ಣ ಮುಟ್ಟಿಸಲಿಲ್ಲ. "ಕಂಪನಿ ಬಣ್ಣ ಗೀರಿದ್ರೂ ಕಂಪನಿ ಬಣ್ಣ ಕಣೇ. ಮೇಲೆ ಬಳಿಸಿದ್ರೆ ಅನುಮಾನ ಬರತ್ತೆ" ಅಂದಿದ್ದ. ಇದನ್ನೆಲ್ಲ ನನಗೆ ಹೇಳಿದ್ದ. ಅಪ್ಪನಿಗೆ ಕಾರಿನ ವಿಷಯ ಹೇಳಿಕೊಡಬೇಕು ಅಂತ ಅವನಿಗೂ ಅನ್ನಿಸಿರಲಿಲ್ಲ.

ಮೊದಮೊದಲು ಬಂದವರು ಬರೀ ತಮಾಷೆ ನೋಡುವವರು. ಒಬ್ಬ ಕಾರಿಗೆ ಒರಗಿ ನಿಂತು ವಿಡಿಯೊ ಮಾಡಿಕೊಂಡು ಹೋದ. ಇನ್ನೊಬ್ಬ ವರ್ತೂರು ಕೋಡಿಯವರೆಗೆ ಓಡಿಸಿ, ಸಕ್ಕತ್ತಾಗಿದೆ ಗುರು ಅಂತ ತನಗೆ ತಾನೇ ಹೇಳಿಕೊಂಡು, ಫೋನ್ ಮಾಡ್ತೀನಿ ಅಂದು ಕಾಣೆಯಾದ. ಮೂರನೆಯವನು ಬಲಗಡೆ ಬಾಗಿಲಿನ ಗೀರಿನ ಮೇಲೆ ಬೆರಳು ಎಳೆದು, ದೇವಕ್ಕ ಮತ್ತಿತರರ ಎದುರಿಗೇ "ಎಲ್ಲೋ ಉಜ್ಕೊಂಡು ಹೋಗಿರೋ ಹಂಗಿದೆ" ಅಂದ. ಅಪ್ಪ ಅಲ್ಲೇ ನಿಂತಿದ್ದ. ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಮರುವಾರ ನಾನು ಆಫೀಸಿನ ಕೆಲಸದ ಮೇಲೆ ಹೈದರಾಬಾದಿಗೆ ಹೋಗಬೇಕಾಯಿತು. ಅಲ್ಲಿರುವಾಗಲೇ ಶಶಿಕುಮಾರ್ ಅನ್ನುವವನ ಫೋನ್ ಬಂತು. ವೈಟ್‌ಫೀಲ್ಡಿನಲ್ಲಿ ಕೆಲಸ, ಇಂಥ ಕಾರುಗಳ ಹುಚ್ಚು. ಅವನು ಹೇಳಿದ ಮೊದಲ ಮಾತೇ "ನಾನು ಬರೋ ಮುಂಚೆ ಸ್ಟಾರ್ಟ್ ಮಾಡ್ಬೇಡಿ ಮೇಡಂ". ನನಗೆ ಅಳು ಬಂತು. ಅಣ್ಣನಂಥವನೇ ಒಬ್ಬ ಸಿಕ್ಕಿದ ಅಂತ ಅಪ್ಪನಿಗೆ ಹೇಳಿದೆ. ಭಾನುವಾರ ಬೆಳಿಗ್ಗೆ ಬರುತ್ತಾನೆ ಅಂದೆ.

ಭಾನುವಾರ ಅಪ್ಪ ಬಿಳಿ ಪಂಚೆ ಉಟ್ಟು, ಎದುರುಮನೆಯ ದೊಡ್ಡಮುನಿಯಪ್ಪನನ್ನೂ ಇನ್ನಿಬ್ಬರನ್ನೂ ಕರೆಸಿ ಅಂಗಳದಲ್ಲಿ ಕುರ್ಚಿ ಹಾಕಿಸಿದ್ದ. ಸಾಕ್ಷಿಗೆ ಜನ. ನಾನು ಹಿಂದಿನ ರಾತ್ರಿಯಷ್ಟೇ ಊರಿಗೆ ಬಂದಿದ್ದೆ. ಹೊದಿಕೆ ತೆಗೆದಾಗ ಕಾರು ಫಳಫಳ ಹೊಳೆಯಿತು. ಅಪ್ಪ ಪಾಲಿಶ್ ಮಾಡಿಸಿದ್ದಾನೆ ಅಂದುಕೊಂಡೆ.

ಶಶಿಕುಮಾರ್ ಬ್ಯಾಗು ಬಿಚ್ಚಿ ಕೆಲಸ ಶುರುಮಾಡಿದ. ಬಾನೆಟ್ ಮುಟ್ಟಿದ, ತಣ್ಣಗಿತ್ತು. ಸ್ಟಾರ್ಟ್ ಮಾಡಿಸಿ ಹಿಂದೆ ಹೋಗಿ ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದ, ಹೊಗೆಯಿಲ್ಲ, ಎಣ್ಣೆಯಿಲ್ಲ. ಲ್ಯಾಪ್‌ಟಾಪ್ ಹಚ್ಚಿ ನೋಡಿದ, ಒಂದು ತಪ್ಪೂ ಇಲ್ಲ. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಸಿಗ್ನಲ್‌ವರೆಗೆ ಹೋಗಿ ಬಂದ, ಗೇರು ಬೆಣ್ಣೆಯ ಹಾಗೆ ಬಿತ್ತು. "ತುಂಬಾ ಚೆನ್ನಾಗಿ ಇಟ್ಕೊಂಡಿದಾರೆ ಮೇಡಂ" ಅಂದ. ಈ ಮಾತನ್ನು ಇಳಿದ ಮೇಲೆ ಅಪ್ಪನ ಎದುರಿಗೆ ಇನ್ನೊಂದು ಸಲ ಹೇಳಿ ಅನ್ನಬೇಕು ಅಂದುಕೊಂಡೆ.

ಇಳಿದ ಮೇಲೆ ಅವನು ಬ್ಯಾಗಿನಿಂದ ಪೇಂಟ್ ಮೀಟರ್ ತೆಗೆದ. ತಗಡಿನ ಮೇಲೆ ಬಣ್ಣ ಎಷ್ಟು ದಪ್ಪ ಇದೆ ಅಂತ ತೋರಿಸುವ ಅಂಗೈಯಷ್ಟು ಯಂತ್ರ. ಬಾನೆಟ್, ಟಾಪು, ಎಡಗಡೆ ಬಾಗಿಲು, ಎಲ್ಲ ಕಡೆ ನೂರಿಪ್ಪತ್ತು ಮೈಕ್ರಾನಿನ ಆಸುಪಾಸು. ಕಂಪನಿಯಿಂದ ಬಂದ ಬಣ್ಣ. ಆಮೇಲೆ ಬಲಗಡೆಗೆ ಬಂದ. ಮುಂದಿನ ಬಾಗಿಲ ಮೇಲೆ ಇಟ್ಟ, ಮತ್ತೆ ಇಟ್ಟ, ಹಿಂದಿನ ಬಾಗಿಲಿಗೆ ಹೋದ, ಮಡ್‌ಗಾರ್ಡಿಗೆ ಹೋದ. ಬಾಗಿಲು ತೆಗೆದು ಬಗ್ಗಿ ಬೋಲ್ಟು ನೋಡಿದ.

"ಈ ಕಡೆ ಏನಾಗಿತ್ತು ಮೇಡಂ?"

"ಏನೂ ಆಗಿಲ್ಲ."

ಮೀಟರನ್ನು ನನ್ನ ಕಡೆ ತಿರುಗಿಸಿದ. ನಾನೂರು ದಾಟಿತ್ತು. ಬೋಲ್ಟುಗಳ ಮೂಲೆಗಳಲ್ಲಿ ಬಣ್ಣ ಎದ್ದು ಬಿಳಿ ಲೋಹ ಕಾಣುತ್ತಿತ್ತು. ದಪ್ಪ ಬಣ್ಣ, ಬಿಚ್ಚಿದ ಬೋಲ್ಟು ಅಂದರೆ ಗುದ್ದಿದ ಕಾರು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ಅಪ್ಪ ಎದ್ದು ಬಂದ. ಅವನ ಮುಖದಲ್ಲಿ ಅಣ್ಣ ಹೋದ ಮೇಲೆ ಮೊದಲ ಸಲ ಒಂದು ಕಳೆ ಇತ್ತು. "ಎಂಗದೆ ಸಾರ್? ಒಸದ್ರಂಗೆ ಕಾಣ್ತದಲ್ವಾ? ಗೀರಿದ್ವಲ್ಲ, ಅದಕ್ಕೆ ಬಣ್ಣ ಒಡೆಸ್ದೆ. ಬಾಗ್ಲು ಬಿಚ್ಚಿ, ಒಳ್ಗೆ ಒರ್ಗೆ ನೀಟಾಗಿ ಮಾಡವ್ನೆ ನಮ್ಮ ಹುಡುಗ."

ನಮ್ಮ ಹುಡುಗ ಅಂದರೆ ಅಪ್ಪನ ದಾಯಾದಿಯ ಮಗ, ಸ್ಟೇಷನ್ ಹಿಂದುಗಡೆ ಟಿಂಕರಿಂಗ್ ಶೆಡ್ ಇಟ್ಟುಕೊಂಡಿದ್ದಾನೆ. ನಾನಿಲ್ಲದ ವಾರ ಅಪ್ಪ ಕಾರನ್ನು ಅಲ್ಲಿಗೆ ಹೊಡೆಸಿದ್ದ. ಆ ಪುಣ್ಯಾತ್ಮ ಕೈಬೆರಳುದ್ದದ ಗೀರಿಗೆ ಪುಟ್ಟಿ ಮೆತ್ತಿ, ಬಾಗಿಲು ಕಳಚಿ, ಇಡೀ ಬಲಗಡೆಗೆ ಬಣ್ಣ ಹೊಡೆದು ಕಳಿಸಿದ್ದ.

"ಯಾಕಪ್ಪಾ?" ಅಂದೆ.

"ಯಾಕೆ ಅಂದ್ರೆ? ದನಗಳ ಜಾತ್ರೆಗೆ ಎತ್ತು ಒಡ್ಕಂಡು ಓಗ್ಬೇಕಾದ್ರೆ ಕೊಂಬು ಕೆರೆದು ಎಣ್ಣೆ ಅಚ್ಚಲ್ವಾ? ಅಂಗೇ."

ಅಪ್ಪನ ಕಾಲದಲ್ಲಿ ಹಾಗೇ. ಮಾರುವ ಎತ್ತಿನ ಕೊಂಬು ಕೆರೆದು ನುಣುಪು ಮಾಡಿ, ಮೈ ತಿಕ್ಕಿ, ಕುಚ್ಚು ಕಟ್ಟಿ ಹೊರಡಿಸದಿದ್ದರೆ ಸೋಮಾರಿ ಅಂತ ಆಡಿಕೊಳ್ಳುತ್ತಿದ್ದರು. ಸಿಂಗಾರ ಮಾಡಿದ ಎತ್ತನ್ನು ನೋಡಿ ಇದಕ್ಕೇನೋ ರೋಗವಿದೆ ಅಂತ ಯಾರೂ ಅಂದುಕೊಳ್ಳುತ್ತಿರಲಿಲ್ಲ. ಮಗನ ಕೊನೆಯ ವಸ್ತು ಜನರ ಕಣ್ಣಿಗೆ ಚೊಕ್ಕಟವಾಗಿ ಬೀಳಲಿ ಅಂತ ಅಪ್ಪ ತನಗೆ ಗೊತ್ತಿದ್ದ ಮರ್ಯಾದೆಯನ್ನೆಲ್ಲ ಅದಕ್ಕೆ ಮಾಡಿದ್ದ. ಅವನನ್ನು ಅಲ್ಲೇ ಹಿಡಿದು ಅಲುಗಾಡಿಸಬೇಕು ಅನ್ನಿಸಿತು ನನಗೆ, ಸುಳ್ಳು ಯಾಕೆ ಹೇಳಲಿ.

ಶಶಿಕುಮಾರನಿಗೆ ವಿವರಿಸಲು ಹೋದೆ. ಏರ್‌ಬ್ಯಾಗ್ ಒಂದೂ ಬಿಚ್ಚಿಲ್ಲ ನೋಡಿ, ಬೆಲ್ಟಿನ ಚೀಟಿ ನೋಡಿ, ಒಳಗಿನ ವೆಲ್ಡಿಂಗ್ ಕಂಪನಿಯದೇ, ಎರಡು ಬಾಗಿಲ ಮಧ್ಯದ ಕಂಬ ನೆಟ್ಟಗಿದೆ, ಇದು ಬರೀ ಬಣ್ಣ ಅಂದೆ. ನಾನು ಹೇಳಿದಷ್ಟೂ ಅವನು ನನ್ನನ್ನು ಒಂದು ಥರಾ ನೋಡಿದ.

"ನಿಮಗೆ ತುಂಬಾ ಗೊತ್ತಿದೆ ಮೇಡಂ. ಕಾರ್ ಡೀಲಿಂಗ್ ಮಾಡ್ತೀರಾ?"

"ಇಲ್ಲ. ನಮ್ಮಣ್ಣ ಹೇಳ್ಕೊಟ್ಟಿದ್ದು."

"ಅವ್ರು ಹೇಗೆ ತೀರ್ಕೊಂಡ್ರು ಅಂದ್ರಿ?"

"ಹಾರ್ಟ್ ಅಟ್ಯಾಕ್."

"ಡ್ರೈವ್ ಮಾಡೋವಾಗಲಾ?"

"ಶಟಲ್ ಆಡೋವಾಗ."

"ಓಕೆ ಮೇಡಂ" ಅಂದ. ಅಷ್ಟು ಮೆತ್ತಗೆ, ಅಷ್ಟು ವಿನಯವಾಗಿ ಅಂದನಲ್ಲ, ಅದಕ್ಕೇ ಮೈ ಉರಿಯಿತು. ಆಸ್ಪತ್ರೆಯ ಕಾಗದ ತಂದು ತೋರಿಸಲಾ ಅಂತ ಕೇಳಿದೆ. ನಮ್ಮ ಮನೆಯ ಅಂಗಳದಲ್ಲಿ ನಿಂತು, ನನ್ನ ಅಣ್ಣ ಹೇಗೆ ಸತ್ತ ಅನ್ನುವುದನ್ನು ನಂಬಿ ಅಂತ ಯಾರೋ ಒಬ್ಬನ ಮುಂದೆ ಗೋಗರೆಯುವ ಗತಿ ಬಂತು. ಬೇಡ ಮೇಡಂ, ಪರವಾಗಿಲ್ಲ ಅಂತ ಅವನು ಬ್ಯಾಗು ಮುಚ್ಚಿದ. ಹಿಂದಿನಿಂದ ದೊಡ್ಡಮುನಿಯಪ್ಪ ಎದ್ದು ಅಪ್ಪನ ಬೆನ್ನು ತಟ್ಟಿ "ಓಗ್ಲಿ ಬಿಡು ಆಂಜಿನಪ್ಪ, ಆಗಿದ್ದು ಆಗೋಯ್ತು. ನಾವೇನು ಬೇರೆಯೋರಾ? ನಮ್ತಾವ ಮುಚ್ಚಿಡಬ್ಯಾಡ" ಅಂದ. ಅಪ್ಪನಿಗೆ ಏನಾಯಿತು ಅಂತ ಆಗಲೂ ಪೂರ್ತಿ ತಿಳಿದಿರಲಿಲ್ಲ.

ಸಂಜೆ ಹೊತ್ತಿಗೆ ಇಂಥ ಕಾರಿನವರ ಗುಂಪಿನಲ್ಲಿ ಮೆಸೇಜ್ ಬಂದಿತ್ತು. ಅಣ್ಣನೂ ಇದ್ದ ಗುಂಪದು, ಅವನ ಫೋನಿನಲ್ಲಿ ಈಗಲೂ ಬರುತ್ತದೆ. ಕುಂದಲಹಳ್ಳಿಯ ಕೆಂಪು ಕಾರು ಬಲಗಡೆ ಪೂರ್ತಿ ಕೆಲಸ ಆಗಿದೆ, ಓನರ್ ಹೋಗಿಬಿಟ್ಟಿದ್ದಾರೆ, ಮನೆಯವರು ಆಕ್ಸಿಡೆಂಟ್ ಒಪ್ಪುತ್ತಿಲ್ಲ, ಹುಷಾರು. ಕೆಳಗೆ ಕೈಮುಗಿದ ಚಿತ್ರಗಳು. ಅಣ್ಣನ ಜೊತೆ ನಂದಿಬೆಟ್ಟಕ್ಕೆ ಹೋಗುತ್ತಿದ್ದವನೊಬ್ಬ "ಗೊತ್ತಿತ್ತು ಮಚ್ಚಾ, ತುಂಬಾ ಪುಶ್ ಮಾಡ್ತಿದ್ದ" ಅಂತ ಬರೆದಿದ್ದ. ಆ ಮಹಾನುಭಾವ ಸಾವಿಗೂ ಬಂದಿರಲಿಲ್ಲ.

ನಾನು ಅಪ್ಪನ ಮೇಲೆ ಕೂಗಾಡಿದೆ. ಮೀಟರ್ ಅಂದರೇನು, ಬೋಲ್ಟು ಅಂದರೇನು, ಅಣ್ಣ ಆ ಗೀರುಗಳನ್ನು ಯಾಕೆ ಹಾಗೇ ಬಿಟ್ಟಿದ್ದ, ಎಲ್ಲ ಹೇಳಿದೆ. ಅಪ್ಪ ಕಾರಿನ ಬಲಗಡೆಗೆ ಹೋಗಿ ಬಾಗಿಲ ಮೇಲೆ ಕೈಯಾಡಿಸಿದ. "ಗೀರು ಮುಚ್ಚುಸ್ದೆ ಅಷ್ಟೇ ಕಣಮ್ಮಿ" ಅಂದ. ಒಳಗೆ ಹೋಗಿ ಮಲಗಿಬಿಟ್ಟ.

ಆಮೇಲೆ ಬಂದವರಿಗೆಲ್ಲ ಅಪ್ಪನೇ ಮುಂದೆ ಹೋಗಿ ಹೇಳತೊಡಗಿದ. ಸಾರ್, ಬಣ್ಣ ಒಡೆಸಿದ್ದು ನಾನು, ಎಲ್ಲೂ ಗುದ್ದಿಲ್ಲ ಸಾರ್. ಕೇಳದೆ ಕೊಟ್ಟ ಸಮಜಾಯಿಷಿಗೆ ಏನು ಬೆಲೆ? ಅವರು ಪರಸ್ಪರ ಮುಖ ನೋಡಿಕೊಂಡು ನಗುತ್ತಿದ್ದರು. ಒಬ್ಬನನ್ನಂತೂ ಅಪ್ಪ ಕೈಹಿಡಿದು ಶೆಡ್ಡಿಗೇ ಕರೆದುಕೊಂಡು ಹೋದ. ನಮ್ಮ ಹುಡುಗ ತನ್ನ ತಲೆಗೆ ಎಲ್ಲಿ ಬರುತ್ತದೋ ಅಂತ "ನಂಗೇನೂ ಗೊತ್ತಿಲ್ಲಪ್ಪ, ಕೊಟ್ಟ ಕೆಲ್ಸ ಮಾಡ್ದೆ" ಅಂದುಬಿಟ್ಟ. ಅಪ್ಪ ಬಿಸಿಲಿನಲ್ಲಿ ಒಬ್ಬನೇ ನಡೆದುಕೊಂಡು ಮನೆಗೆ ಬಂದ.

ಕೊನೆಗೆ ಬಂದವನು ಲೋಕೇಶ್, ಪೀಣ್ಯದ ಪಕ್ಕ ರಾಜಗೋಪಾಲನಗರದವನು, ಹಳೇ ಕಾರುಗಳ ವ್ಯಾಪಾರಿ. ಅವನು ಮೀಟರ್ ಗೀಟರ್ ಏನೂ ತರಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು, ಬಲಗಡೆ ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿ, ಜಗಲಿಯ ಮೇಲೆ ಅಪ್ಪನ ಪಕ್ಕದಲ್ಲಿ ಕೂತ. ಅಮ್ಮ ಬಾಗಿಲ ಹತ್ತಿರ ಅಲಸಂದೆಕಾಯಿ ಬಿಡಿಸುತ್ತಿದ್ದಳು.

"ಅಪ್ಪಾಜಿ, ನಿಜ ಹೇಳ್ಬಿಡಿ. ಆಕ್ಸಿಡೆಂಟ್ ಗಾಡಿ ಆದ್ರೆ ಹಂಗಂತಾನೇ ತಗೋತೀನಿ, ಅದಕ್ಕೂ ಗಿರಾಕಿ ಇದಾರೆ ನನ್ ಹತ್ರ. ಇವತ್ತೇ ಹೊಡ್ಕೊಂಡು ಹೋಗ್ತೀನಿ. ಆದ್ರೆ ಸುಳ್ಳು ಹೇಳಿ ಕೊಡೋ ಗಾಡಿ ನಂಗ್ ಬೇಡ."

ನಾನು ಬಾಯಿ ತೆಗೆದೆ. ಇಲ್ಲ, ಎಲ್ಲೂ ಗುದ್ದಿಲ್ಲ ಅನ್ನುವ ಮಾತು ಅಷ್ಟು ಸಲ ಹೇಳಿ ಹೇಳಿ ನಾಲಗೆಗೆ ರೂಢಿಯಾಗಿತ್ತು. ನನಗಿಂತ ಮುಂಚೆ ಅಪ್ಪ ಮಾತಾಡಿದ.

"ಊಂ. ಆಕ್ಸಿಡೆಂಟೇ."

ಲೋಕೇಶ್ ತಲೆ ಬಗ್ಗಿಸಿದ. ಕೆಟ್ಟವನಲ್ಲ ಅವನು. "ವಯಸ್ಸಿನ ಹುಡುಗ್ರು ಅಪ್ಪಾಜಿ. ಹೇಳಿದ್ರೆ ಕೇಳಲ್ಲ" ಅಂತ ಅಪ್ಪನ ಮೊಣಕಾಲಿನ ಮೇಲೆ ಕೈಯಿಟ್ಟ.

"ನಾನೂ ಬಡ್ಕೊಂಡೆ" ಅಂದ ಅಪ್ಪ. "ನಿಧಾನಕ್ಕೋಗ್ಲಾ, ನಿಧಾನಕ್ಕೋಗ್ಲಾ ಅಂತ. ಕೇಳ್ಲಿಲ್ಲ."

ನಾನು ಒಳಗಿನಿಂದ ಕೀಲಿ ತಂದು ಕೊಟ್ಟೆ. ಲೋಕೇಶ್ ಕಾರು ಹೊರಗೆ ತೆಗೆಯುವಾಗ ದೊಡ್ಡಮುನಿಯಪ್ಪ ಗೇಟಿನಲ್ಲಿ ನಿಂತಿದ್ದ. ಅವನಿಗೂ ಎಲ್ಲ ಕೇಳಿಸಿತ್ತು. ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗುತ್ತದೆ, ಅಪ್ಪನೇ ಒಪ್ಪಿಕೊಂಡ ಅಂತ. ಕಾರು ಗಲ್ಲಿ ದಾಟುವವರೆಗೆ ಅದರ ಸದ್ದು ಕೇಳುತ್ತಾ ನಿಂತೆ. ಆಮೇಲೆ ಗೇಟು ಹಾಕಿದೆ.

ಅಮ್ಮ ಕೂತಲ್ಲಿಂದಲೇ ಕೇಳಿದಳು. ಅಣ್ಣ ಹೋದ ಮೇಲೆ ವಸಂತಮ್ಮ ಅನ್ನುವ ನಮ್ಮಮ್ಮ ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

"ಯಾವತ್ತು ಬಡ್ಕೊಂಡ್ರಿ ನೀವು? ಒಸಕೋಟೆ ರೋಡಲ್ಲಿ ಅವ್ನ ಪಕ್ಕ ಕುಂತ್ಕಂಡು, ಇನ್ನೂ ಒತ್ಲಾ, ಇನ್ನೂ ಒತ್ಲಾ ಅಂತಿದ್ದೋರು ನೀವು. ಅವ್ನೇ, ಬ್ಯಾಡ ಕಣಪ್ಪ, ಅಮ್ಮಂಗೆ ಭಯ ಆಯ್ತದೆ ಅಂತಿದ್ದ. ಇಂದೆ ಸೀಟಲ್ಲಿ ನಾನಿದ್ದೆ."

ಅಪ್ಪ ಅಂಗಳದ ಕಡೆ ನೋಡಿದ. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಒಂದು ಕಲೆಯೂ ಇರಲಿಲ್ಲ.

"ಆಟ ಆಡ್ತಾ ಆಡ್ತಾ ಕುಂತ್ಕಂಡ, ಸತ್ತೋದ ಅಂದ್ರೆ ಯಾರೂ ನಂಬಲ್ಲ ಕಣೆ" ಅಂದ. "ನಂಗೂ ನಂಬಕ್ಕೆ ಆಯ್ತಾ ಇಲ್ಲ. ಸ್ಪೀಡು ಅಂದ್ರೆ ಎಲ್ರಿಗೂ ಸಮಾಧಾನ ಆಯ್ತದೆ. ನಂಗೂ ಒಂದು ಕಾರಣ ಬ್ಯಾಡ್ವಾ?"

ಅಮ್ಮ ಅಲಸಂದೆಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದಳು. ಮಧ್ಯಾಹ್ನ ನಾವಿಬ್ಬರೂ ಅಡುಗೆಮನೆಯಲ್ಲೇ ಕೂತು ಉಂಡೆವು. ಅಪ್ಪ ಜಗಲಿಯಲ್ಲೇ ಇದ್ದ. ಅವನನ್ನು ಊಟಕ್ಕೆ ಕರೆಯಲು ಅಮ್ಮನಿಗೆ ಮನಸ್ಸಾಗಲಿಲ್ಲ, ನನಗೂ ಆಗಲಿಲ್ಲ.